ರಕ್ತ ಬೇಡದ ಜಿಗಣೆ

ಕೊಡಗಿನ ಕಕ್ಕಬ್ಬೆಯ ಮಳೆಗಾಲ ಕಂಡವರಿಗೆ ಜಿಗಣೆಯ ಬಗ್ಗೆ ಹೊಸದಾಗಿ ಹೇಳುವುದೇನಿದೆ? ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು, ಇವಿಲ್ಲದೆ ನಾವು ತೋಟಕ್ಕೆ ಇಳಿದವರೇ ಅಲ್ಲ. ಹೋದ ತಿಂಗಳು ಬೋರ್ನಿಯೋದ ಕಿನಾಬಾಲು ಬೆಟ್ಟದಲ್ಲಿ, ಮಳೆ ನಿಂತು ಹತ್ತು ನಿಮಿಷವಾಗಿತ್ತಷ್ಟೆ, ಒಂದಡಿ ಉದ್ದದ ಕಿತ್ತಳೆಗೆಂಪು ಜಿಗಣೆಯೊಂದು ದಾರಿಗೆ ಅಡ್ಡ ಬಂತು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಉಪ್ಪೆಲ್ಲಿಂದ ಬರಬೇಕು! ಗೈಡ್ ನಕ್ಕ. "ಅದಕ್ಕೆ ನೀನು ಬೇಡ, ಎರೆಹುಳು ಬೇಕು."

ಈ ಜಿಗಣೆ ರಕ್ತ ಹೀರುವುದಿಲ್ಲ. ಇದೇ ಬೆಟ್ಟದಲ್ಲಿರುವ, ನೀಲಿ ಛಾಯೆಯ ದೈತ್ಯ ಎರೆಹುಳುವೇ ಅದರ ಊಟ. ಗೈಡ್ ತನ್ನ ಮೊಬೈಲಿನಲ್ಲಿ ವಿಡಿಯೋ ತೋರಿಸಿದ: ಮಕ್ಕಳು ನೂಪುಟ್ಟಿನ (ಒತ್ತು ಶಾವಿಗೆಯ) ಎಳೆಯನ್ನು ಸುರ್ರನೆ ಬಾಯಿಗೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಾನಿರುವುದು ಕೋಟ ಕಿನಾಬಾಲು ಊರಿನಲ್ಲಿ. ರಾಷ್ಟ್ರೀಯ ಉದ್ಯಾನಕ್ಕೆ ಎರಡು ಗಂಟೆಯ ದಾರಿ. ತಡಿಯಂಡಮೋಳನ್ನು ಹವಾಯಿ ಚಪ್ಪಲಿಯಲ್ಲೇ ಹತ್ತಿದವನು ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಒಂದು ಬೋರ್ಡು. ನಡಿಗೆ ಶುರುವಾಗುವ ಟಿಂಪೊಹೊನ್ ಗೇಟಿನ ಎತ್ತರವೇ 1,866 ಮೀಟರ್; ನಮ್ಮ ತಡಿಯಂಡಮೋಳಿನ ನೆತ್ತಿ 1,748. ಕೊಡಗಿನ ತುತ್ತತುದಿ ಇಲ್ಲಿ ಗೇಟಿಗಿಂತಲೂ ಕೆಳಗೆ! ಬೆಟ್ಟದ ತುದಿ 4,095. ನಾನು ತಲುಪಿದ್ದು 3,200ರ ಆಸುಪಾಸಿನ ಲಬಾನ್ ರಾಟ ಎಂಬ ತಂಗುದಾಣದವರೆಗೆ ಮಾತ್ರ. ರಾತ್ರಿಯಿಡೀ ಮಳೆ ಹೊಯ್ದು, ಮೇಲೆ ಬಿಡಲಿಲ್ಲ. ತಲೆನೋವಿನಲ್ಲಿ ಮುಲುಗುತ್ತಿದ್ದ ನನಗೆ ಅದೇನೂ ಬೇಸರ ತರಲಿಲ್ಲ ಬಿಡಿ.

ಹತ್ತುವಾಗ ವಿಚಿತ್ರ ಅನ್ನಿಸಿದ್ದು ಬೇರೆಯದೇ. ತಿರುವು ಬಂದಾಗಲೆಲ್ಲ ನಾನು ನಿಂತು ಮೂಗರಳಿಸುತ್ತಿದ್ದೆ, ಒಂದು ಸಲ ಕೆಮ್ಮುತ್ತಿದ್ದೆ. ಊರಲ್ಲಿ ಬೈನೆ ಮರ ಮುರಿದ ಸದ್ದಿಗೆ, ಹಸಿ ಲದ್ದಿಯ ವಾಸನೆಗೆ ಕಾದು ಅಭ್ಯಾಸವಾದ ಮೈ ಅಲ್ವಾ. ಇಲ್ಲಿ ಆನೆಗಳು ದೂರದ ತಗ್ಗಿನ ನದೀಬಯಲಲ್ಲಿವೆ, ಈ ಬೆಟ್ಟದಲ್ಲಿಲ್ಲ. ಹುಲಿಯಂತೂ ಇಡೀ ದ್ವೀಪದಲ್ಲೇ ಇಲ್ಲ. ಗೊತ್ತಿದ್ದರೂ ಕಿವಿ ನಂಬುವುದಿಲ್ಲ. ಪಾಚಿ ಹೊದ್ದ ಓಕ್ ಮರಗಳು, ಮಂಜು, ತೊಟ್ಟಿಕ್ಕುವ ನೀರು, ಎಲ್ಲ ನಮ್ಮ ಶೋಲಾ ಕಾಡಿನಂತೆಯೇ. ಆದರೆ ಹೆದರಿಕೆ ಇಲ್ಲ. ಹೆದರಿಕೆ ಇಲ್ಲದ ಕಾಡಿನಲ್ಲಿ ಕಣ್ಣು ಕೆಳಗೆ, ಗಿಡಗಳ ಮೇಲೆ ಬೀಳುತ್ತದೆ.

ಹಾಗೆ ಕಂಡದ್ದೇ ಹುಳ ಹಿಡಿದು ತಿನ್ನುವ ಹೂಜಿಗಿಡ. ಮಂಡಿಯೂರಿ ಬಗ್ಗಿ ನೋಡಿದೆ. ಬಾಯಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಾಲು, ಒಳಗೆ ಕಂದು ನೀರು, ಅದರಲ್ಲಿ ತೇಲುವ ನಾಲ್ಕು ಇರುವೆ. ಇದರ ದೊಡ್ಡಣ್ಣ ನೆಪೆಂಥಿಸ್ ರಾಜಾ. ಅದರ ಹೂಜಿಯಲ್ಲಿ 2 ಲೀಟರಿಗೂ ಹೆಚ್ಚು ನೀರು ಹಿಡಿದದ್ದುಂಟು. ಅದಕ್ಕೆ ಇರುವೆ ಸಾಲದು. ಟ್ರೀ ಶ್ರೂ ಎಂಬ, ಅಳಿಲಿನಂಥ ಚೂಪುಮೂತಿಯ ಪ್ರಾಣಿ ಮುಚ್ಚಳದಡಿಯ ಸಿಹಿ ನೆಕ್ಕಲು ಹೂಜಿಯ ಮೇಲೆ ಕೂರುತ್ತದೆ, ಕೂತಲ್ಲೇ ಹಿಕ್ಕೆ ಹಾಕುತ್ತದೆ. ಬಾಯಿಗೂ ಮುಚ್ಚಳಕ್ಕೂ ಇರುವ ಅಂತರ ಆ ಪ್ರಾಣಿಯ ಮೈಯಳತೆಗೆ ಸರಿಯಾಗಿದೆಯಂತೆ, ಗುರಿ ತಪ್ಪದಿರಲಿ ಅಂತ. ಸಾರವಿಲ್ಲದ ಮಣ್ಣಿನಲ್ಲಿ ಗಿಡಕ್ಕೆ ಅದೇ ಗೊಬ್ಬರ. ಕಾಫಿಗೆ ಗೊಬ್ಬರ ಹೊತ್ತು ಬೆನ್ನು ನೋಯಿಸಿಕೊಂಡ ನನಗೆ ಹೊಟ್ಟೆಕಿಚ್ಚಾಯಿತು.

ಗೈಡ್ ದುಸುನ್ ಜನಾಂಗದವನು. ಸತ್ತ ಹಿರಿಯರೆಲ್ಲ ಈ ಬೆಟ್ಟದಲ್ಲೇ ನೆಲೆಸಿದ್ದಾರೆ ಅಂದ. ಮನೆತನದ ಗತಿಸಿದ ಹಿರಿಯರಾದ ಗುರುಕಾರೋಣರಿಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? 2015ರ ಜೂನ್ ಭೂಕಂಪದಲ್ಲಿ ಇಲ್ಲಿ 18 ಜನ ಸತ್ತರು, ಅವರಲ್ಲಿ ಗೈಡುಗಳೂ ಇದ್ದರು. ಬಂಡೆ ಕಳಚಿದ ಬಿಳಿ ಗೀರುಗಳನ್ನು ಅವನು ಬೆರಳು ಮಾಡಿ ತೋರಿಸಿದಾಗ ನನ್ನ ಕಣ್ಣಿಗೆ 2018ರಲ್ಲಿ ಗುಡ್ಡ ಕುಸಿದ ನಮ್ಮ ಕೊಡಗಿನ ಮಕ್ಕಂದೂರು ಬಂತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಳಿದು ಬಂದು ಅಪ್ಪನಿಗೆ ಫೋನ್ ಮಾಡಿದೆ. ರಕ್ತ ಬೇಡದ ಜಿಗಣೆಯ ಕತೆಗೆ ಚೆನ್ನಾಗಿ ನಕ್ಕರು. ಆಮೇಲೆ, "ಆನೆ?" ಅಂದರು.

"ಇಲ್ಲ."

"ಆನೆ ಇಲ್ವಾ? ಮತ್ತೆ ಅದೆಂತ ಕಾಡು?"

ಉತ್ತರ ಹುಡುಕುವಷ್ಟರಲ್ಲಿ ಆ ಕಡೆ ಪಟಾಕಿ ಸದ್ದು, ನಾಯಿಗಳ ಗಲಾಟೆ. "ಬಂತು ನೋಡು, ಕೊಟ್ಟಿಗೆ ಹತ್ರ, ಇಡ್ತೇನೆ," ಎಂದು ಇಟ್ಟೇಬಿಟ್ಟರು.