ಮಾವನ ಚುಕ್ಕೆ ಲೆಕ್ಕ

ಡಿಸೆಂಬರ್ ಆರಂಭದ ಆ ರಾತ್ರಿ ನಂದಿ ಬೆಟ್ಟದ ಬುಡದಲ್ಲಿರುವ ಸೋದರಮಾವನ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು, ರಾಗಿ ಮುದ್ದೆ. ಮಂಜು ಬಿದ್ದರೇ ಅವರೆಗೆ ಸೊಗಡು ಎಂದರು ಅತ್ತೆ. ಊಟದ ನಡುವೆಯೇ ಕಾಶ್ಮೀರದಲ್ಲಿರುವ ಸೈನಿಕ ತಮ್ಮನ ಕರೆ ಬಂತು: “ಅಕ್ಕಾ, ಇಲ್ಲಿ ಮಂಜು ಬೀಳುತ್ತಿದೆ.” ಅವನದು ಹಿಮ, ಅತ್ತೆಯದು ಇಬ್ಬನಿ, ನಮ್ಮ ಬಾಯಲ್ಲಿ ಎರಡೂ ಮಂಜೇ.

ಹಿಂಗಾರು ಮಳೆ ಎರಡು ದಿನದ ಹಿಂದಷ್ಟೇ ಬಿಟ್ಟಿತ್ತು. ಮಾವ ಅಂಗಳಕ್ಕೆ ಹೋಗಿ ಆಕಾಶ ನೋಡಿದರು. “ಚುಕ್ಕೆಗಳು ನಿಚ್ಚಳವಾಗಿವೆ, ಎಲೆ ಅಲುಗುತ್ತಿಲ್ಲ. ಬೆಳಿಗ್ಗೆ ಕಣಿವೆ ತುಂಬ ಮಂಜು ಕವಿಯುತ್ತದೆ ನೋಡಮ್ಮ.”

ನಸುಕಿನಲ್ಲಿ ಅವರ ಸ್ಕೂಟರ್ ಏರಿದೆ. ಊರಿನ ದಾರಿಯಲ್ಲಿ ಬೆರಳು ಮರಗಟ್ಟುವಷ್ಟು ಚಳಿ. ಬೆಟ್ಟದ ತಿರುವುಗಳನ್ನು ಹತ್ತುತ್ತಿದ್ದಂತೆ ಚಳಿ ಕಡಿಮೆಯಾಯಿತು! ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಓದಿದ್ದ ನನಗೆ ಅದು ಬೆರಗು. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಬಿಟ್ಟುಕೊಡುತ್ತದೆ. ಅದಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ ತಗ್ಗಿಗೆ ಹರಿಯುತ್ತದೆ. ಮಳೆ ನೆನೆಸಿದ ಮಣ್ಣಿನ ತೇವ ಅಲ್ಲೇ ಹನಿಗಟ್ಟುತ್ತದೆ. ಮಾವನ ಚುಕ್ಕೆ ಲೆಕ್ಕದ ಒಳಗೆ ಇಷ್ಟೂ ಇತ್ತು.

1,478 ಮೀಟರ್ ಎತ್ತರದ ನೆತ್ತಿಯಲ್ಲಿ ನಿಂತಾಗ ಕೆಳಗೆ ಊರೇ ಇರಲಿಲ್ಲ. ಭೋಗನಂದೀಶ್ವರನ ಗೋಪುರ ಮುಳುಗಿತ್ತು. ಹಾಲು ಚೆಲ್ಲಿದಂತಹ ಬಿಳುಪಿನ ಮೇಲೆ ಬ್ರಹ್ಮಗಿರಿ, ಸ್ಕಂದಗಿರಿಗಳ ತಲೆ ಮಾತ್ರ. ಬಿಸಿಲು ತಾಗಿದ ಕಡೆ ಅದು ಎಳೆಎಳೆಯಾಗಿ ಎದ್ದು ಕರಗುತ್ತಿತ್ತು. ನಾನು ಮಾತು ಬಿಟ್ಟು ಬಹಳ ಹೊತ್ತು ನೋಡಿದೆ.

ತಮ್ಮನ ಹಿಮ ಬರುವುದು ಮೆಡಿಟರೇನಿಯನ್ ಕಡೆಯಿಂದ. ಅಲ್ಲಿ ಹುಟ್ಟುವ ಪಶ್ಚಿಮದ ವಾಯುಕ್ಷೋಭೆಗಳು ತೇವ ಹೊತ್ತು ಹಿಮಾಲಯವನ್ನು ತಾಗುತ್ತವೆ. ಅವು ಬರುವುದನ್ನು ಉಪಗ್ರಹ ದಿನಗಳ ಮುಂಚೆಯೇ ತೋರಿಸುತ್ತದೆ. ಋತುವಿನ ಮೊದಲಲ್ಲಿ ಕಷ್ಟವಾಗುವುದು ಎಷ್ಟು ಎತ್ತರದವರೆಗೆ ಹಿಮ, ಎಲ್ಲಿಂದ ಕೆಳಗೆ ಮಳೆ ಎಂದು ಹೇಳುವುದು. ಒಂದೆರಡು ಡಿಗ್ರಿಯಲ್ಲಿ ಎಲ್ಲವೂ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ: ರಾತ್ರಿ ಸ್ವಲ್ಪ ಗಾಳಿ ಬೀಸಿದ್ದರೆ ಕಣಿವೆ ಖಾಲಿ ಇರುತ್ತಿತ್ತು. ಮುನ್ಸೂಚನೆ ತಪ್ಪಿದಾಗ ಹವಾಮಾನ ಇಲಾಖೆಯನ್ನು ಬೈಯುವವರು ಇದನ್ನು ಯೋಚಿಸಬೇಕು ಎನಿಸಿತು.

ಮಾವ ಅಷ್ಟರಲ್ಲಿ ಚಡಪಡಿಸತೊಡಗಿದ್ದರು. ಎಲೆ ಇಷ್ಟು ಹೊತ್ತು ಒದ್ದೆಯಾಗಿದ್ದರೆ ದ್ರಾಕ್ಷಿಗೆ ಬೂಜು ತುಪ್ಪಟ ರೋಗ ತಗಲುತ್ತದೆ. ಇಳಿದವರೇ ನೇರ ತೋಟಕ್ಕೆ ನಡೆದರು. ಚಪ್ಪರದಿಂದ ಹನಿಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಅವರು ಒಂದೊಂದೇ ಎಲೆಯನ್ನು ಮಗುಚಿ, ಹಿಂಬದಿಯಲ್ಲಿ ಬಿಳಿ ಬೂಜು ಹತ್ತಿದೆಯೇ ಎಂದು ಹುಡುಕಿದರು. ನಾನು ಮುಂದಿನ ಸಾಲಿನಿಂದ ಆರಂಭಿಸಿದೆ.