ಗೋಡೆ ಕೊಯ್ಯುವ ಎತ್ತರ

ಬಾಗಲಕೋಟೆಯ ನವನಗರದಲ್ಲಿ ಕಟ್ಟಲಿರುವ ಮನೆಯೊಂದರ ನಕ್ಷೆಯನ್ನು ಈ ವಾರ ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಈ ತಂತ್ರಾಂಶದಲ್ಲಿ ಪ್ಲ್ಯಾನ್ ಎಂದರೆ ನೆಲದಿಂದ ಸಾಮಾನ್ಯವಾಗಿ 1200 ಮಿ.ಮೀ. ಎತ್ತರದಲ್ಲಿ ಇಡೀ ಮನೆಯನ್ನು ಅಡ್ಡಲಾಗಿ ಕೊಯ್ದು, ಮೇಲಿನಿಂದ ಕೆಳಗೆ ನೋಡಿದ ಚಿತ್ರ. ಹೀಗಾಗಿ ಗೋಡೆಗೆ ದಪ್ಪ ಗೆರೆಯೂ ಕಟ್ ಪ್ಯಾಟರ್ನ್ (ಕೊಯ್ದ ಭಾಗವನ್ನು ತುಂಬುವ ವಿನ್ಯಾಸ) ಕೂಡ ಬರುತ್ತವೆ; ಕೆಳಗುಳಿದ ಇಳಕಲ್ ಗ್ರಾನೈಟಿನ ನೆಲಹಾಸಿಗೆ ಸರ್ಫೇಸ್ ಪ್ಯಾಟರ್ನ್, ಅಂದರೆ ಮೇಲ್ಮೈಯ ವಿನ್ಯಾಸ, ಸಲ್ಲುತ್ತದೆ. 2 ಮೀಟರಿಗಿಂತ ಗಿಡ್ಡವಾದ ಕಂಪೌಂಡ್ ಗೋಡೆಯ ವಿಷಯ ಮಾತ್ರ ಬೇರೆ: ಕೊಯ್ಯುವ ಮಟ್ಟ ಅದರ ನಡುವೆಯೇ ಹಾದುಹೋದರೂ ಅದು ಕೊಯ್ದಂತೆ ಕಾಣುವುದಿಲ್ಲ.

ಚಿತ್ರದಲ್ಲಿ ಎಷ್ಟು ವಿವರ ಕಾಣಬೇಕೆಂದು ಹೇಳುವ ಡೀಟೇಲ್ ಲೆವೆಲ್ ಅನ್ನು ಕೋರ್ಸ್‌ಗೆ (ಕಡಿಮೆ ವಿವರ) ಇಟ್ಟರೆ ಗೋಡೆ ಒಂದೇ ತುಂಬುಬಣ್ಣದ ಪಟ್ಟಿಯಾಗುತ್ತದೆ, ಫೈನ್‌ಗೆ (ಹೆಚ್ಚು ವಿವರ) ಇಟ್ಟರೆ ಇಟ್ಟಿಗೆ, ಗಿಲಾವು ಎಲ್ಲ ಪದರಗಳೂ ಬಿಡಿಬಿಡಿಯಾಗಿ ತೋರುತ್ತವೆ. ಮನೆಯ ಯಜಮಾನರಿಗೆ ಕೋಣೆಗಳ ಅಳತೆ ತಿಳಿದರೆ ಸಾಕು, ಗೌಂಡಿಗೆ ಪದರಗಳ ದಪ್ಪ ಬೇಕೇ ಬೇಕು. ಯಾರ ಕೈಗೆ ಹೋಗುವ ಹಾಳೆ ಎಂಬುದನ್ನು ನೆನೆದು ತೋರಿಸುವುದು, ಮರೆಮಾಡುವುದು ಎರಡನ್ನೂ ನಿರ್ಧರಿಸುವ ಈ ಕೆಲಸ ನನಗೆ ಬಹಳ ಪ್ರಿಯವಾದದ್ದು. ಒಂದೊಂದು ಗೋಡೆಯನ್ನೂ ಬಿಡಿಯಾಗಿ ಆರಿಸಿ ಬಣ್ಣ ಬದಲಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಯಜಮಾನರಿಗೂ ಗೌಂಡಿಗೂ ಬೇರೆಬೇರೆ ವ್ಯೂ ಟೆಂಪ್ಲೇಟ್ (ಚಿತ್ರ ಕಾಣುವ ಬಗೆಯ ಸಿದ್ಧ ಮಾದರಿ) ಮಾಡಿಟ್ಟರೆ ಎಲ್ಲ ಮಹಡಿಗಳ ಹಾಳೆಗಳೂ ಒಂದೇ ರೀತಿಯಲ್ಲಿ ಹೊರಬರುತ್ತವೆ.