ಸೋರುವ ಕಿವಿಗೆ ಮಾತ್ರೆ ನುಂಗುವ ಮೊದಲು

ಮಳೆಗಾಲ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಬಟ್ಟೆಯೂ ಒಣಗದು, ಕಿವಿಯೂ ಒಣಗದು. ಆ ತೇವದಲ್ಲಿ ಹೊರಕಿವಿಯ ಚರ್ಮ ಮೆತ್ತಗಾಗಿ ಸ್ಯೂಡೋಮೊನಾಸ್, ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಸುಲಭವಾಗಿ ನೆಲೆಯೂರುತ್ತವೆ. ತಮಟೆ ತೂತಾಗಿ ವಾರಗಟ್ಟಲೆ ಸೋರುವ ಕಿವಿಯಲ್ಲೂ ಹೆಚ್ಚಾಗಿ ಸಿಗುವುದು ಇವೇ.

ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವುದು ಇಲ್ಲಿ ದಂಡ. ಸ್ಯೂಡೋಮೊನಾಸ್‌ಗೆ ಅದು ಮೊದಲಿಂದಲೂ ನಾಟುವುದಿಲ್ಲ: ಹೊರಪದರ ಔಷಧವನ್ನು ಸುಲಭಕ್ಕೆ ಒಳಬಿಡದು, ಒಳಹೊಕ್ಕಿದ್ದನ್ನು ಪಂಪಿನಂಥ ಪ್ರೋಟೀನುಗಳು ಹೊರದಬ್ಬುತ್ತವೆ, ಉಳಿದದ್ದನ್ನು ಕಿಣ್ವ ಮುರಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಹನಿಯಾದರೆ ಮಾತ್ರೆಗಿಂತ ಎಷ್ಟೋ ಪಟ್ಟು ಸಾಂದ್ರವಾಗಿ ಸೋಂಕಿನ ಜಾಗಕ್ಕೇ ತಲುಪುತ್ತದೆ. ಅದೂ ವೈದ್ಯರು ಕಿವಿಯೊಳಗೆ ನೋಡಿದ ಮೇಲೆ. ತಮಟೆ ತೂತಾಗಿದ್ದರೆ ಜೆಂಟಾಮೈಸಿನ್‌ನಂಥ ಹನಿ ಕೇಳುವ ಶಕ್ತಿಗೇ ಕುತ್ತು ತಂದೀತು.

ಕೀವಿನ ಮೇಲೆ ಬಿಟ್ಟ ಹನಿ ಕೀವಿನಲ್ಲೇ ಉಳಿಯುತ್ತದೆ. ಶುದ್ಧ ಹತ್ತಿಯನ್ನು ದೇವರ ದೀಪದ ಬತ್ತಿಯ ಹಾಗೆ ಹೊಸೆದು ಮೆಲ್ಲಗೆ ಇಡಿ, ಒದ್ದೆಯಾದಂತೆ ಬದಲಿಸಿ, ಬತ್ತಿ ಒಣಗಿಯೇ ಬರುವವರೆಗೆ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಇಲ್ಲದಿದ್ದರೆ ತಲೆ ತಿರುಗುತ್ತದೆ. ಮಗ್ಗುಲಾಗಿ ಮಲಗಿ ಹನಿ ಬಿಟ್ಟು, ಕಿವಿತೂತಿನ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ನಾಲ್ಕೈದು ಸಲ ಒತ್ತಿ, 5 ನಿಮಿಷ ಹಾಗೇ ಇರಿ. ಬಿಸಿ ತೆಂಗಿನೆಣ್ಣೆ, ಬೆಳ್ಳುಳ್ಳಿ ಎಣ್ಣೆ ದಯವಿಟ್ಟು ಬೇಡ.

ಶೀತದ ಬೆನ್ನಿಗೆ ಮಕ್ಕಳಿಗೆ ಬರುವ ಕಿವಿನೋವಿನ ಕತೆ ಬೇರೆ. ಅಲ್ಲಿ ನ್ಯುಮೊಕಾಕಸ್, ಹೀಮೊಫಿಲಸ್; ಅಮಾಕ್ಸಿಸಿಲಿನ್‌ಗೆ ಜಾಗವಿದೆ.

ಹನಿ ಹಾಕಿಯೂ ಸೋರುವುದು ನಿಲ್ಲದಿದ್ದರೆ, ಹೊಸ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಕೀವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಸೂಕ್ಷ್ಮಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕೊಡಿ. ವರದಿಗೆ 2–3 ದಿನ ಬೇಕು. ಬೂಷ್ಟಿನಂಥ ಪದರ, ಕಪ್ಪು ಚುಕ್ಕೆ, ವಿಪರೀತ ತುರಿಕೆ ಇದ್ದರೆ ಶಿಲೀಂಧ್ರದ ಗುಮಾನಿ. ಆಂಟಿಬಯಾಟಿಕ್ ಹನಿ ಅದನ್ನು ಹೆಚ್ಚಿಸಬಹುದು. ಕಿವಿಯ ಹಿಂದೆ ಬಾವು ಬಂದರೆ, ಬಾಯಿ ಸೊಟ್ಟಗಾದರೆ ಅದೇ ದಿನ ಆಸ್ಪತ್ರೆಗೆ ಹೊರಡಿ.